ಅಪ್ಪನ ಬಲಗೈ ನಾಡಿ

ಗಂಡಸಿನ ನಾಡಿಯನ್ನು ಬಲಗೈಯಲ್ಲಿ ನೋಡಬೇಕು, ಹೆಂಗಸಿನದನ್ನು ಎಡಗೈಯಲ್ಲಿ. ಹೊಟ್ಟೆ ಖಾಲಿ ಇರಬೇಕು, ಹೊತ್ತು ಏರಿರಬಾರದು. ಹೆಬ್ಬೆರಳ ಬುಡದ ಕೆಳಗೆ ಮೂರು ಬೆರಳನ್ನು ಸಾಲಾಗಿ ಇಡಬೇಕು. ತೋರುಬೆರಳಿಗೆ ವಾತ, ನಡುಬೆರಳಿಗೆ ಪಿತ್ತ, ಉಂಗುರಬೆರಳಿಗೆ ಕಫ. ವಾತ ಹಾವಿನಂತೆ ಹರಿಯುತ್ತದೆ, ಪಿತ್ತ ಕಪ್ಪೆಯಂತೆ ನೆಗೆಯುತ್ತದೆ, ಕಫ ಹಂಸದಂತೆ ತೇಲುತ್ತದೆ. ಇಷ್ಟನ್ನು ನಾನು ಲಂಗ ಹಾಕುವ ವಯಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ. ಆದರೆ ಅಪ್ಪನ ಕೈ ಹಿಡಿದು ಅದನ್ನು ಕಲಿತವಳು ನಾನಲ್ಲ, ನನ್ನ ಅತ್ತಿಗೆ. ಈ ಮಾತನ್ನು ಇಷ್ಟು ವರ್ಷವಾದ ಮೇಲೂ ತಣ್ಣಗೆ ಬರೆಯಲು ನನಗೆ ಆಗುವುದಿಲ್ಲ.

ನಮ್ಮದು ಪಾಂಡವಪುರದ ಅಕ್ಕಸಾಲಿಗರ ಮನೆ. ಅಪ್ಪ ಹಗಲೆಲ್ಲ ಕುಲುಮೆಯ ಮುಂದೆ ಕುಳಿತು ಓಲೆ, ತಾಳಿ, ಮಕ್ಕಳ ಉಡಿದಾರ ಮಾಡುತ್ತಿದ್ದ. ಬೆಳಿಗ್ಗೆ ಮಾತ್ರ ಅವನು ಪಂಡಿತ. ತಾತನಿಂದ ಬಂದ ವಿದ್ಯೆ. ಕಬ್ಬಿನ ಟ್ರಾಕ್ಟರುಗಳು ಸಕ್ಕರೆ ಕಾರ್ಖಾನೆಯ ಕಡೆ ಸಾಲು ಹಿಡಿಯುವ ಮೊದಲೇ ನಮ್ಮ ಜಗುಲಿಯ ಮೇಲೆ ಜನ ಬಂದು ಕೂತಿರುತ್ತಿದ್ದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿದು ಬಂದವರನ್ನು ಅಪ್ಪ ಬೈದು ವಾಪಸ್ಸು ಕಳಿಸುತ್ತಿದ್ದ. ಬಿಸಿ ಕಾಫಿ ಬಿದ್ದ ಹೊಟ್ಟೆಯ ನಾಡಿ ಸುಳ್ಳು ಹೇಳುತ್ತದೆ ಎನ್ನುವುದು ಅವನ ಲೆಕ್ಕ.

ನಾನು ಕಂಬಕ್ಕೆ ಒರಗಿ ಕೂತು ಶುಂಠಿ, ಮೆಣಸು, ಹಿಪ್ಪಲಿ ಕುಟ್ಟುತ್ತಿದ್ದೆ. ಬೀದಿಯ ತಿರುವಿನಲ್ಲಿ ಯಾರಾದರೂ ಕಂಡರೆ ಅಪ್ಪ ಮೆಲ್ಲಗೆ ಕೇಳುತ್ತಿದ್ದ, "ಬತ್ತಾವ್ನಲ್ಲ, ಯಾವ ಪ್ರಕೃತಿ ಏಳು ನೋಡಾನ."

ನಾನು ಬಂದವನ ಹಿಮ್ಮಡಿ, ಕೂದಲು, ನಡಿಗೆ ನೋಡುತ್ತಿದ್ದೆ. ಒಣಕಲು ಮೈ, ಒಡೆದ ಹಿಮ್ಮಡಿ, ಕೂರುವ ಮೊದಲೇ ಮಾತು ಶುರುವಾದರೆ ವಾತ. ಅವನಲ್ಲಿ ಗಾಳಿ ಮತ್ತು ಆಕಾಶದ ಪಾಲು ಹೆಚ್ಚು. ವಯಸ್ಸಿಗೆ ಮೊದಲೇ ನೆರೆತ ಕೂದಲು, ಹಣೆಯ ಮೇಲೆ ಬೆವರು, ಸರದಿ ತಡವಾದರೆ ಸಿಡಿಮಿಡಿ, ಇದು ಪಿತ್ತ. ಬೆಂಕಿಯ ಪಾಲು. ಮೆಲ್ಲಗೆ ಬಂದು, ಗೋಡೆಗೊರಗಿ, ಕೂತಲ್ಲೇ ತೂಕಡಿಸಿದರೆ ಕಫ. ನೀರು ಮತ್ತು ಮಣ್ಣು. ನಾನು ಸರಿಯಾಗಿ ಹೇಳಿದ ದಿನ ಅಪ್ಪ ಮೀಸೆಯಲ್ಲೇ ನಗುತ್ತಿದ್ದ. ತಪ್ಪಿದ ದಿನ ಬಿಡಿಸಿ ಹೇಳುತ್ತಿದ್ದ.

"ಮೂರೂ ಎಲ್ಲಾರ್ ತಾವೂ ಇರ್ತವೆ ಕಣವ್ವ. ಪಾಲು ಯಾವುದ್ರುದು ಜಾಸ್ತಿ ಅಂತ ನೋಡ್ಬೇಕು, ಅಷ್ಟೆಯ. ಉಟ್ಟುವಾಗ ತಂದಿದ್ ಪಾಲು ಅಂಗೇ ಇದ್ರೆ ಆರೋಗ್ಯ. ಏರುಪೇರಾದ್ರೆ ಕಾಯ್ಲೆ."

ಅಗ್ನಿಯ ವಿಷಯವನ್ನಂತೂ ಅವನು ಕುಲುಮೆಯ ಮುಂದೆಯೇ ಕಲಿಸಿದ. ಬೆಂಕಿ ಮಂದವಾದರೆ ಚಿನ್ನ ಕರಗುವುದಿಲ್ಲ, ಜೋರಾದರೆ ಬೆಸುಗೆ ಹರಿದು ಒಡವೆಯೇ ಕೆಡುತ್ತದೆ. ಹೊಟ್ಟೆಯೊಳಗಿನ ಬೆಂಕಿಯೂ ಹಾಗೆಯೇ ಎನ್ನುತ್ತಿದ್ದ. ಉಂಡದ್ದು ಅರ್ಧಂಬರ್ಧ ಬೆಂದು ಉಳಿದರೆ ಅದಕ್ಕೆ ಆಮ ಎಂದು ಹೆಸರು. ಬಹಳ ರೋಗಗಳ ಬೇರು ಅದೇ. ಆದ್ದರಿಂದ ಹೊಟ್ಟೆಯಲ್ಲಿ ಅರ್ಧ ಭಾಗ ಅನ್ನ, ಕಾಲು ಭಾಗ ನೀರು, ಉಳಿದ ಕಾಲು ಭಾಗ ಗಾಳಿ ಆಡಲು ಖಾಲಿ. ನಮ್ಮವ್ವ ಎರಡನೇ ಮುದ್ದೆ ಇಡಲು ಬಂದಾಗಲೆಲ್ಲ ಅಪ್ಪ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. "ಈ ಪಂಡಿತನ ಕಟ್ಕಂಡು ಒಬ್ಬರಿಗೂ ಒಟ್ಟೆ ತುಂಬ ಇಕ್ಕಂಗಿಲ್ಲ ನಂಗೆ," ಎಂದು ಅವ್ವ ಗೊಣಗುತ್ತಿದ್ದಳು.

ಅಣ್ಣನಿಗೆ ಇದ್ಯಾವುದೂ ಬೇಕಿರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಹಿಡಿದ, ಸೈಕಲ್ ಏರಿದ, ಹೋದ. ಹಾಗಾಗಿ ಉಳಿದವಳು ನಾನೊಬ್ಬಳೇ, ವಿದ್ಯೆ ನನ್ನದೇ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಅಪ್ಪ ನನಗೆ ಎಲ್ಲವನ್ನೂ ಹೇಳಿಕೊಟ್ಟ, ನಾಡಿಯೊಂದನ್ನು ಬಿಟ್ಟು. ಕೇಳಿದಾಗಲೆಲ್ಲ "ಇನ್ನೂ ಬೆರಳು ಎಳೇದು ಕಣವ್ವ," ಎನ್ನುತ್ತಿದ್ದ. ಬೆರಳು ಬಲಿಯಲಿ ಎಂದು ಕಾದೆ. ಬಲಿಯುವ ಹೊತ್ತಿಗೆ ನಾಗಮಂಗಲದಿಂದ ಗಂಡು ಬಂತು. ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಮದುವೆಯಾಯಿತು. ಗಂಡನ ಮನೆಯವರೂ ಅಕ್ಕಸಾಲಿಗರೇ, ಒಳ್ಳೆಯವರೇ. ಆದರೆ ಅಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ಸೋಡಾ ಕುಡಿದು ಮಲಗುತ್ತಿದ್ದರು. ನನ್ನ ಶುಂಠಿ, ಓಮ, ಹಿಂಗಿನ ಮಾತು ಕೇಳುವವರಿರಲಿಲ್ಲ.

ಆಮೇಲೆ ಅಣ್ಣನ ಮದುವೆ. ಹುಡುಗಿ ಕೆ.ಆರ್. ಪೇಟೆಯ ಕಡೆಯ ಬಡಗಿಗಳ ಮನೆಯವಳು. ನನಗಿಂತ ಚಿಕ್ಕವಳು, ಆದರೂ ಅಣ್ಣನ ಹೆಂಡತಿ ಎಂದು ನಾನು ಅತ್ತಿಗೆ ಎನ್ನಬೇಕು. ಅವಳೇನೋ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅದೂ ನನಗೆ ಹಿಡಿಸುತ್ತಿರಲಿಲ್ಲ. ದುಂಡು ಮೈ, ಎಣ್ಣೆ ಹಚ್ಚದೆಯೂ ಮಿರುಗುವ ಕೂದಲು, ಕರೆದರೆ ಎರಡನೇ ಸಲಕ್ಕೆ ತಿರುಗುವ ನಿಧಾನ. ನೋಡಿದ ಕೂಡಲೇ ಕಫ ಪ್ರಕೃತಿ ಎಂದು ತೀರ್ಮಾನಿಸಿದ್ದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಬಂದ ಹೊಸದರಲ್ಲಿ ಕೆಮ್ಮಿಗೆಂದು ಕುದಿಯುವ ನೀರಿಗೆ ಜೇನುತುಪ್ಪ ಸುರಿದು ಅಪ್ಪನಿಗೇ ತಂದುಕೊಟ್ಟಿದ್ದಳು. ಜೇನನ್ನು ಬಿಸಿ ಮಾಡಿದರೆ ಅದು ವಿಷಕ್ಕೆ ಸಮ ಎಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತು. ಆ ಕಥೆಯನ್ನು ನಾನು ನಾಗಮಂಗಲದಲ್ಲಿ ಎಷ್ಟು ಜನಕ್ಕೆ ಹೇಳಿ ನಕ್ಕೆನೋ. ಅಪ್ಪ ಮಾತ್ರ ಲೋಟ ಪಕ್ಕಕ್ಕಿಟ್ಟು, "ಆರಿಸ್ಕಂಡು ಆಕ್ಬೇಕು ಕಣವ್ವ," ಎಂದನಂತೆ, ಅಷ್ಟೇ.

ಅವಳು ಬಂದ ಎರಡನೇ ವರ್ಷದ ದೀಪಾವಳಿಗೆ ತವರಿಗೆ ಹೋದಾಗ ನೋಡಿದೆ. ಬೆಳಿಗ್ಗೆ ಎದ್ದು ಜಗುಲಿಗೆ ಬಂದರೆ ಅಪ್ಪ ಚಾಪೆಯ ಮೇಲೆ ಕೂತಿದ್ದಾನೆ, ಬಲಗೈಯನ್ನು ಮಡಿಲಿನಿಂದ ಮುಂದಕ್ಕೆ ಚಾಚಿದ್ದಾನೆ. ಎದುರಿಗೆ ಅತ್ತಿಗೆ, ತಲೆಯ ಮೇಲೆ ಸೆರಗು. ಅವಳ ಮೂರು ಬೆರಳು ಅಪ್ಪನ ಮಣಿಕಟ್ಟಿನ ಮೇಲೆ. ನಮ್ಮ ಕಡೆ ಮಾವನ ಎದುರು ಸೊಸೆ ಕೂರುವುದೇ ಅಪರೂಪ, ಇನ್ನು ಕೈ ಮುಟ್ಟುವುದೆಂದರೆ! ಅವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ನೋಡಮ್ಮಿ, ಮಾವನ ಕೈಯ ಸೊಸೆ ಇಡ್ಕೊಂಡ್ ಕುಂತವ್ಳೆ. ಬೀದೀಲ್ ಓಡಾಡೋರು ಏನಂದಾರು?" ಎಂದಳು ನನ್ನನ್ನು ನೋಡಿ.

ಅಪ್ಪನಿಗೆ ಅದು ಕೇಳಿಸಲೇ ಇಲ್ಲ. "ಒತ್ಬ್ಯಾಡ, ಸುಮ್ಕೆ ಮಡಗು. ಬೆರಳು ಕೇಳಿಸ್ಕಬೇಕು," ಎಂದು ಅವಳಿಗೆ ಹೇಳುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡಳು. ಅಪ್ಪನೂ ಮುಚ್ಚಿಕೊಂಡ. ನನ್ನ ಜಾಗದಲ್ಲಿ, ನನ್ನ ಕಂಬದ ಪಕ್ಕದಲ್ಲಿ, ಜೇನು ಕಾಯಿಸಿದವಳು ಕೂತಿದ್ದಳು. ಆ ದಿನ ಹೋಳಿಗೆಯ ಒಂದು ಚೂರನ್ನೂ ನಾನು ಮುಟ್ಟಲಿಲ್ಲ.

ಸಂಜೆ ಅಪ್ಪ ಒಬ್ಬನೇ ಸಿಕ್ಕಾಗ ಕೇಳಿಯೇ ಬಿಟ್ಟೆ, "ನನ್ ಬೆರಳು ಯಾವಾಗ್ಲೂ ಎಳೇವು, ಅವಳ್ದು ಮಾತ್ರ ಬಂದ ಎರಡೇ ವರ್ಸಕ್ಕೆ ಬಲಿತ್ಬುಟ್ವಾ?"

ಅಪ್ಪ ಊದುಗೊಳವೆಯನ್ನು ಕೆಳಗಿಟ್ಟ. "ನೀನು ಬೇರೆ ಮನೆಯೋಳಾದೆ ಕಣವ್ವ. ನಮ್ಮೋರಲ್ಲಿ ಕೈಕಸುಬು ಎಣ್ಮಕ್ಕಳ ಜೊತೆ ಆಚೆ ಓಗಂಗಿಲ್ಲ. ಇದ್ಯೆ ಮನೇಲೇ ಉಳೀಬೇಕು. ಅವಳು ಇಲ್ಲಿರೋಳು."

ಅದು ನಮ್ಮವರ ಹಳೆಯ ಕಟ್ಟು. ಬೆಸುಗೆಯ ಪುಡಿಯನ್ನು ಯಾವ ಪಾಲಿನಲ್ಲಿ ಬೆರೆಸುತ್ತಾರೆ ಎನ್ನುವುದನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೇಳುವುದಿಲ್ಲ, ಸೊಸೆಗೆ ಹೇಳುತ್ತಾರೆ. ಮಗಳ ಜೊತೆ ಅದು ಬೀಗರ ಕುಲುಮೆ ಸೇರುತ್ತದೆಂಬ ಭಯ. ಗೊತ್ತಿದ್ದ ಮಾತೇ. ಆದರೆ ಬೆಸುಗೆಯ ಪುಡಿಗೂ ಅಪ್ಪನ ಕೈಗೂ ಒಂದೇ ನ್ಯಾಯವೇ? ಹುಟ್ಟಿದ ಮನೆಯಲ್ಲೇ ನನ್ನನ್ನು ಬೀಗರ ಪೈಕಿ ಮಾಡಿಬಿಟ್ಟನಲ್ಲ ಎಂದು ಬಸ್ಸಿನಲ್ಲಿ ನಾಗಮಂಗಲದವರೆಗೂ ಅತ್ತೆ.

ಆಮೇಲೆ ತವರಿಗೆ ಹೋಗುವುದನ್ನು ಹೆಚ್ಚು ಮಾಡಿದೆ. ಗಂಡ ಗೊಣಗಿದರೂ ಹೋಗುತ್ತಿದ್ದೆ. ಪ್ರತಿ ಸಲವೂ ಹೊಟ್ಟೆ ಉರಿಸಿಕೊಳ್ಳಲು ಹೊಸದೊಂದು ಸಿಗುತ್ತಿತ್ತು. ಮೊದಲೆಲ್ಲ ಶ್ರೀರಂಗಪಟ್ಟಣದ ಹೊಳೆದಂಡೆಗೆ ಅಪ್ಪನ ಜೊತೆ ಸೊಪ್ಪುಸದೆ ತರಲು ಹೋಗುತ್ತಿದ್ದವಳು ನಾನು. ನೆಲನೆಲ್ಲಿಯನ್ನು ಬೇರುಸಹಿತ ಕೀಳುವುದು ಹೇಗೆ, ಅಮೃತಬಳ್ಳಿ ಹಬ್ಬಿದ ಬೇವಿನ ಮರವನ್ನು ದೂರದಿಂದ ಗುರುತಿಸುವುದು ಹೇಗೆ, ಎಲ್ಲ ನನಗೆ ಅಲ್ಲೇ ಕಲಿಸಿದ್ದು. ಈಗ ಅಣ್ಣ ಅತ್ತಿಗೆಯನ್ನೂ ಅಪ್ಪನನ್ನೂ ಬಸ್ಸು ಹತ್ತಿಸುತ್ತಿದ್ದ. ಅವರು ಮಧ್ಯಾಹ್ನಕ್ಕೆ ಚೀಲ ತುಂಬಿಸಿಕೊಂಡು ಬರುತ್ತಿದ್ದರು. ಚೀಲ ಹೊತ್ತವಳು ಅವಳು. "ಅಪ್ಪಂಗೆ ಒಂದು ಚೀಲ ಒರಕ್ಕೂ ಬುಡಲ್ವಾ?" ಎಂದು ನಾನು ಚುಚ್ಚಿದರೆ ಸುಮ್ಮನೆ ನಕ್ಕು ಒಳಗೆ ಹೋಗುತ್ತಿದ್ದಳು. ಅಪ್ಪ ಮೊದಲ ಮೆಟ್ಟಿಲ ಮೇಲೆಯೇ ಕೂತು ಸುಧಾರಿಸಿಕೊಳ್ಳುತ್ತಿದ್ದ. ಮುಪ್ಪು ಎಂದರೆ ವಾತದ ಕಾಲ, ಮಗುವಾಗಿದ್ದಾಗ ಕಫ, ನಡುವಯಸ್ಸಿಗೆ ಪಿತ್ತ, ಕೊನೆಗೆ ವಾತ. ಹಾಗೆಂದು ಅವನೇ ಹೇಳಿದ್ದನಲ್ಲ. ದಣಿವು ಸಹಜ ಎಂದುಕೊಂಡೆ.

ಅವನ ತಟ್ಟೆಯ ಊಟವೂ ಬದಲಾಗಿತ್ತು. ಉದ್ದಿನ ಪದಾರ್ಥ ನಿಂತಿತ್ತು, ಸಂಜೆಯ ಊಟ ಹೊತ್ತು ಮುಳುಗುವ ಮೊದಲೇ ಮುಗಿಯುತ್ತಿತ್ತು, ಮುದ್ದೆಯ ಬದಲು ಹೆಸರುಬೇಳೆಯ ತೆಳ್ಳನೆ ಗಂಜಿ. ಬಡಿಸುವುದೂ ಅತ್ತಿಗೆಯೇ. ಅವ್ವ ಕೂಡ ಅಡುಗೆಮನೆಯನ್ನು ಅವಳಿಗೆ ಬಿಟ್ಟುಕೊಟ್ಟು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದಳು. ಅಪ್ಪ ಅವಳು ಇಟ್ಟಿದ್ದನ್ನು ಮಾತಿಲ್ಲದೆ ಉಣ್ಣುತ್ತಿದ್ದ. ನಾನು ನಾಗಮಂಗಲದಿಂದ ಮಾಡಿ ತಂದ ಕಜ್ಜಾಯ ಡಬ್ಬಿಯಲ್ಲೇ ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ಜಗುಲಿಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಅಪ್ಪ ನನ್ನನ್ನು ಕರೆದ. "ಬಾರವ್ವ, ಎಡಗೈ ಕೊಡು ಅವಳ್ಗೆ. ನೋಡ್ಲಿ."

ಆಗುವುದಿಲ್ಲ ಎಂದು ಎದ್ದು ಹೋಗಬಹುದಿತ್ತು. ಆದರೆ ಅವಳಿಗೆ ಏನೂ ತಿಳಿಯದು ಎಂದು ಅಪ್ಪನ ಎದುರಿಗೇ ಸಾಬೀತಾಗಲಿ ಎಂಬ ಆಸೆ ನನಗೆ. ಕೈ ಚಾಚಿದೆ. ಅತ್ತಿಗೆಯ ಬೆರಳು ತಣ್ಣಗಿದ್ದವು. ಅವಳು ಕಣ್ಣು ಮುಚ್ಚಿಕೊಂಡಳು.

"ಪಿತ್ತ ಏರ್ಬುಟ್ಟದೆ ಮಾವ. ನಡುಬೆರಳ ತಾವು ಕಪ್ಪೆ ನೆಗ್ದಂಗೆ ನೆಗೀತಾ ಅದೆ," ಎಂದಳು.

"ಯಾತಕ್ಕೆ ಏರದೆ?" ಎಂದ ಅಪ್ಪ.

ಅವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಅವಳಿಗೆ ಎಲ್ಲ ಗೊತ್ತಿದೆ ಎಂದು ನನಗೆ ತಿಳಿಯಿತು. "ಅದ ನಾಡಿ ಏಳಾಕಿಲ್ಲ ಮಾವ. ಬಿಸ್ಲಲ್ಲಿ ಬಸ್ಸಲ್ಲಿ ಬಂದವ್ರೆ, ಅದ್ಕೇ ಇರ್ಬೋದು," ಎಂದು ನನ್ನ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು. ಬೇಕೆಂದೇ ನನ್ನ ಮರ್ಯಾದೆ ಉಳಿಸಿದಳಲ್ಲ, ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ನಾಲ್ಕು ಮಾತು ಚುಚ್ಚಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಪ್ಪ ಅಂದು ನನಗೆ ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿಯಲು ಹೇಳಿ, ಹಳೆಯ ಪಾಠವೊಂದನ್ನು ಮತ್ತೆ ಹೇಳಿದ. ಸೀನು, ಆಕಳಿಕೆ, ಹಸಿವು, ನಿದ್ದೆ, ಕಣ್ಣೀರು, ಇವನ್ನು ತಡೆಯಬಾರದು. ತಡೆದರೆ ವಾತ ಕೆರಳುತ್ತದೆ. ಆದರೆ ಸಿಟ್ಟು, ಆಸೆ, ಹೊಟ್ಟೆಕಿಚ್ಚು, ಇವನ್ನು ತಡೆಯಬೇಕು. ಹೊಟ್ಟೆಕಿಚ್ಚಿನಿಂದ ಉಂಡವನ ಅನ್ನ ಪಥ್ಯವಾದರೂ ಅರಗುವುದಿಲ್ಲ. ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ, ಬೀದಿಯ ಕಡೆ ನೋಡುತ್ತಿದ್ದ.

"ಅಂಗಾರೆ ನಂಗೂ ಕಲ್ಸು. ಅರಗ್ತದೆ," ಎಂದು ನಾನು ನಗುತ್ತಲೇ ಅವನ ಬಲಗೈಗೆ ಕೈ ಹಾಕಿದೆ.

ಅಪ್ಪ ಕೈಯನ್ನು ಸರಕ್ಕನೆ ಎಳೆದು ಹೊದ್ದ ಪಂಚೆಯೊಳಗೆ ಸೇರಿಸಿಕೊಂಡ. ಬಿಸಿ ಕೆಂಡ ಮುಟ್ಟಿದವನ ಹಾಗೆ. "ಬ್ಯಾಡ ಬುಡವ್ವ," ಎಂದ. ದನಿ ಗಡುಸಾಗಿತ್ತು. ನನ್ನ ಮೇಲೆ ಅವನು ಹಾಗೆ ದನಿ ಎತ್ತಿದ್ದು ನನಗೆ ನೆನಪೇ ಇರಲಿಲ್ಲ. ಅತ್ತಿಗೆ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಿದ್ದಳು. ಅಂದೇ ಬಸ್ಸು ಹತ್ತಿದೆ. ಮುಂದೆ ಬಹಳ ದಿನ ಪಾಂಡವಪುರದ ಕಡೆ ತಲೆ ಹಾಕಲಿಲ್ಲ. ಕರೆಯಲಿ, ಆಗ ಹೋದರಾಯಿತು ಎಂದು ಬಿಗಿದುಕೊಂಡು ಕೂತೆ.

ಕರೆ ಬಂತು. ನಾಗಮಂಗಲದಲ್ಲಿ ನಮ್ಮ ಅಂಗಡಿಯ ಪಕ್ಕದ ಬಟ್ಟೆ ಅಂಗಡಿಯ ಫೋನಿಗೆ ಅಣ್ಣ ಮಾಡಿದ್ದ. ಮಧ್ಯಾಹ್ನದ ಹೊತ್ತು, ಅಪ್ಪ ಕುಲುಮೆಯ ಮುಂದೆ ಕೂತವನು ಹಾಗೇ ಗೋಡೆಗೆ ಒರಗಿದನಂತೆ. ನಾನು ಹೋಗುವ ಹೊತ್ತಿಗೆ ಹಣೆಗೆ ವಿಭೂತಿ ಹಚ್ಚಿ ಜಗುಲಿಯ ಮೇಲೆ ಕೂರಿಸಿದ್ದರು. ಎರಡೂ ಕೈಗಳನ್ನು ಮಡಿಲಲ್ಲಿ ಜೋಡಿಸಿ ಬಟ್ಟೆ ಸುತ್ತಿದ್ದರು. ನನಗೆ ಕೈ ಕಾಣಿಸಲೇ ಇಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೂ ನಾನು ಕೆಲವು ದಿನ ಉಳಿದೆ. ಒಂದು ಬೆಳಿಗ್ಗೆ ಚಿನಕುರಳಿ ಕಡೆಯ ಒಬ್ಬ ಮುದುಕ, ಅಪ್ಪ ಹೋದ ಸುದ್ದಿ ತಿಳಿಯದೆ, ಖಾಲಿ ಹೊಟ್ಟೆಯಲ್ಲಿ ಬಂದು ಜಗುಲಿಯ ಮೇಲೆ ಕೂತ. ಸುದ್ದಿ ಕೇಳಿ ಕಣ್ಣೊರೆಸಿಕೊಂಡ. ಎದ್ದು ಹೋಗುವವನಿದ್ದ. ಅತ್ತಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಅಪ್ಪನ ಜಾಗದಲ್ಲಿ ಕೂತು, "ಬಲಗೈ ಕೊಡಿ ಅಜ್ಜ," ಎಂದಳು. ಮುದುಕ ಅನುಮಾನಿಸದೆ ಕೊಟ್ಟ. ನಾನು ಕಂಬದ ಹಿಂದೆ ನಿಂತು ಅವಳ ಬೆರಳು ನೋಡುತ್ತಿದ್ದೆ. ಥೇಟು ಅಪ್ಪನ ಬೆರಳಿನ ಬಾಗು. ಹೊಟ್ಟೆಯಲ್ಲಿ ಹುಟ್ಟಿದ ನನಗೆ ಬಾರದ್ದು ಅವಳಿಗೆ ಬಂದಿತ್ತು.

ಮುದುಕ ಹೋದ ಮೇಲೆ ಅಡುಗೆಮನೆಯಲ್ಲಿ ನನಗೆ ತಡೆಯಲಾಗಲಿಲ್ಲ. "ಗದ್ದಿಗೆ ಏರಕ್ಕೆ ಒಂದ್ ತಿಂಗ್ಳಾದ್ರೂ ಕಾಯ್ಬಾರ್ದಾಗಿತ್ತಾ?" ಎಂದೆ.

ಅತ್ತಿಗೆ ಒಲೆಯ ಮುಂದೆಯೇ ಕೂತಿದ್ದಳು. "ಅಕ್ಕ, ನಿಂಗೆ ಏಳ್ಬ್ಯಾಡ ಅಂದಿದ್ರು ಮಾವ. ಈಗ ಅವ್ರೇ ಇಲ್ಲ, ಏಳ್ತೀನಿ ಕೂತ್ಕೋ," ಎಂದಳು.

ಅವಳು ಹೇಳಿದ್ದು ಇಷ್ಟು. ದೀಪಾವಳಿಗೆ ಮೊದಲೇ ಅಪ್ಪನಿಗೆ ತನ್ನ ನಾಡಿ ನಡುನಡುವೆ ನಿಲ್ಲುವುದು ತಿಳಿದಿತ್ತು. ಎರಡು ಹೆಜ್ಜೆ ನಡೆದು, ನಿಂತು, ಮತ್ತೆ ನಡೆಯುವ ನಾಡಿ. ಆಗಲೇ ಅವನು ಅವಳನ್ನು ಕರೆದು ಕೂರಿಸಿದ್ದು. ಒಳ್ಳೆಯ ನಾಡಿ ಯಾರ ಕೈಯಲ್ಲಾದರೂ ಕಲಿಯಬಹುದು, ಕೆಟ್ಟದ್ದನ್ನು ದಿನಾ ಬೆಳಿಗ್ಗೆ ಕಲಿಸಲು ಯಾರು ಕೈ ಕೊಡುತ್ತಾರೆ, ನನ್ನದೇ ಇದೆ ಎಂದನಂತೆ. ಅಂಥ ನಾಡಿ ಸಾವಿನ ಸೂಚನೆ ಎಂದು ಅವನು ಬಿಡಿಸಿ ಹೇಳಿರಲಿಲ್ಲ. ಯುಗಾದಿಯ ಹೊತ್ತಿಗೆ ಅವಳ ಬೆರಳಿಗೇ ಅದು ಅರ್ಥವಾಯಿತು. ಅಣ್ಣನಿಗೆ ಹೇಳಿದಳು. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೃದಯ ಸೋತಿದೆ ಎಂದು ಅಲ್ಲಿಯೂ ಹೇಳಿದರು. ಮಾತ್ರೆ ನುಂಗಿದ, ಪಥ್ಯ ಮಾಡಿದ, ಭಾರ ಎತ್ತುವುದನ್ನು ಬಿಟ್ಟ. ಅವ್ವನಿಗೂ ನನಗೂ ತಿಳಿಸಬಾರದೆಂದು ಆಣೆ ಹಾಕಿಸಿಕೊಂಡಿದ್ದ.

"ಕಟ್ಟು, ಶಾಸ್ತ್ರ, ಮನೆಯೋಳು, ಆಚೆಯೋಳು, ಎಲ್ಲ ನೆಪ ಅಕ್ಕ," ಎಂದಳು. "ಮಾವ ಏನಂದ್ರು ಗೊತ್ತಾ? 'ನನ್ ಮಗಳು ಬೆರಳು ಮಡಗಿದ್ರೆ ಒಂದೇ ದಿನಕ್ಕೆ ಕಂಡ್ಕಂಡ್ಬುಡ್ತಾಳೆ. ಅವಳ್ಗೆ ಅಷ್ಟು ಗೊತ್ತು. ಅವಳ ಕೈಗೆ ಇದು ಸಿಕ್ಬಾರ್ದು' ಅಂದ್ರು. ಆವತ್ತು ನೀನು ಕೈ ಇಡಿಯಾಕೆ ಬಂದಾಗ ನನ್ ಜೀವ ಬಾಯಿಗ್ ಬಂದಿತ್ತು."

ಈ ಮಾತು ಕೇಳಿ ನಾನು ಕರಗಿಹೋಗುತ್ತೇನೆ, ಅವಳನ್ನು ತಬ್ಬಿಕೊಳ್ಳುತ್ತೇನೆ ಎಂದು ಅವಳು ಎಣಿಸಿದ್ದಳೇನೋ. ನಾನು ಕರಗಲಿಲ್ಲ. ನನ್ನನ್ನು ಕಾಪಾಡಿದನಂತೆ! ಯಾರು ಕೇಳಿದ್ದರು? ನನಗೆ ಸಿಗಬೇಕಾದ್ದು ಆ ನಿಂತು ನಿಂತು ನಡೆಯುವ ನಾಡಿಯೇ. ಎಂಟು ಹತ್ತು ತಿಂಗಳು ದಿನಾ ಬೆಳಿಗ್ಗೆ ಅಪ್ಪನ ಕೈ ಅವಳ ಬೆರಳ ಕೆಳಗಿತ್ತು. ಎಷ್ಟು ಉಳಿದಿದೆ ಎಂದು ಅರಿತು ಅವಳು ಗಂಜಿ ಬಡಿಸಿದಳು, ಅರಿತೇ ಚೀಲ ಹೊತ್ತಳು. ಅರಿಯದ ನಾನು ಕಜ್ಜಾಯದ ಡಬ್ಬಿ ಹಿಡಿದುಕೊಂಡು ಬಂದು ಮುನಿಸಿಕೊಂಡು ಹೋದೆ.

ಅತ್ತಿಗೆ ಮೆಲ್ಲಗೆ ತನ್ನ ಎಡಗೈಯನ್ನು ನನ್ನ ಮುಂದೆ ಚಾಚಿದಳು. "ಬಾ ಅಕ್ಕ. ನಂಗೆ ಬಂದಷ್ಟು ನಿಂಗೂ ಏಳ್ಕೊಡ್ತೀನಿ. ಮನೆ ಇದ್ಯೆ, ನಿಂದೂ ಅಲ್ವಾ?"

"ನಿನ್ ಕೈ ನಂಗ್ಯಾಕೆ?" ಎಂದೆ. "ನಂಗೆ ಬೇಕಿದ್ದಿದ್ದು ಅಪ್ಪನ ಕೈ. ಅದ ನೀನು ಇಡ್ಕಂಡ್ಬುಟ್ಟೆ."

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅಪ್ಪ ಹೋದ ದಿನ, ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿದ್ದಾಗ ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಬಂದ ನೆಂಟರೆಲ್ಲ ಅದನ್ನು ಗಮನಿಸಿ ಮಾತಾಡಿಕೊಂಡಿದ್ದರು, ನಾನೂ ಆಡಿದ್ದೆ. ಈಗ ನೋಡುತ್ತಿದ್ದಂತೆ ಗೊತ್ತಾಯಿತು. ಅದು ಹೊಸ ಅಳುವಲ್ಲ. ಯುಗಾದಿಯಿಂದಲೂ ಅವಳು ಇದೇ ಒಲೆಯ ಮುಂದೆ, ಹೀಗೇ ಸೆರಗಿನೊಳಗೆ, ಯಾರಿಗೂ ಕೇಳಿಸದಂತೆ ಅತ್ತು ಅಭ್ಯಾಸವಾದವಳು. ನನ್ನ ಅಪ್ಪನಿಗಾಗಿ ನನಗಿಂತ ಮೊದಲು ಅತ್ತವಳು ಅವಳು. ಅದಕ್ಕೂ ನನ್ನ ಹೊಟ್ಟೆ ಉರಿಯಿತು.